ರಜಿಯಾ ಮೇಡಂ ಕಟ್ಟಿದ ಅಕ್ಷರಗಳು

ಮೊನ್ನೆ ಬಾಗಲಕೋಟೆಯ ಗೊಬ್ಬರದ ಅಂಗಡಿಯೊಂದರಲ್ಲಿ ಹಳೆಯ ಪ್ರಿಂಟರಿನ ರಿಬ್ಬನ್ ಮಸಿಯ ವಾಸನೆ ಮೂಗಿಗೆ ಬಡಿಯಿತು. ರಸೀದಿ ಕೈಗೆ ಬಂದರೂ ನಾನು ಕದಲಲಿಲ್ಲ. ಹಿಂದೆ ನಿಂತವರು ಕೆಮ್ಮಿದ ಮೇಲೆ ಹೊರಬಂದೆ. ವಯಸ್ಸಾದವರ ಲಕ್ಷಣವೇ ಇದು ನೋಡಿ, ನಿಂತಲ್ಲೇ ಕಳೆದುಹೋಗುವುದು.

ಎಂಬತ್ತರ ದಶಕದ ಕೊನೆ. ಇಲ್ಲಿನ ಕಾಲೇಜೊಂದರ ಕಂಪ್ಯೂಟರ್ ಕೋಣೆಗೆ ನಾವಿಬ್ಬರೇ ಉಪನ್ಯಾಸಕರು, ನಾನು ಮತ್ತು ರಜಿಯಾ ಮೇಡಂ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾದ, ದೇವರಕೋಣೆಗಿಂತ ಮಡಿಯ ಕೋಣೆ ಅದು. ಮೇಡಂ ಇಳಕಲ್ಲಿನ ನೇಕಾರರ ಮನೆಯ ಮಗಳು. ಆಗಿನ ಕಂಪ್ಯೂಟರಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಅವರು ಒಂದೊಂದೇ ಕನ್ನಡ ಅಕ್ಷರವನ್ನು ಚುಕ್ಕಿಗಳಲ್ಲಿ ಕಟ್ಟಿ ಅದಕ್ಕೆ ಕಲಿಸಿದ್ದರು. ಹಾಗೆ ಕಟ್ಟಿಟ್ಟದ್ದಕ್ಕೆ ಲೈಬ್ರರಿ ಎನ್ನುತ್ತಿದ್ದೆವು. ಒಮ್ಮೆ ಬರೆದಿಟ್ಟರೆ ಯಾರ ಪ್ರೋಗ್ರಾಮಾದರೂ ಅದನ್ನು ಹೆಸರು ಹಿಡಿದು ಕರೆದು ಕೆಲಸ ಮಾಡಿಸಿಕೊಳ್ಳಬಹುದು. ಹುನಗುಂದದ ಡಾಕ್ಟರೊಬ್ಬರು ದವಾಖಾನೆಗೆ ಕಂಪ್ಯೂಟರ್ ತರಿಸಿ, ಔಷಧದ ಚೀಟಿಗಳನ್ನು ಇದರಿಂದಲೇ ಕನ್ನಡದಲ್ಲಿ ಅಚ್ಚು ಹಾಕಿಸತೊಡಗಿದರು.

ಆ ಹೊತ್ತಿಗೆ ಮೇಡಂಗೆ ಹೃದಯದ ಕಾಯಿಲೆ. ರಜೆ ಹಾಕಿ ಇಳಕಲ್ಲಿಗೆ ಹೋದರು. ಲೈಬ್ರರಿ ನನ್ನ ಪಾಲಿಗೆ ಬಂತು.

ಅದರಲ್ಲೊಂದು ತೊಡಕಿತ್ತು. ಎಲ್ಲ ಅಕ್ಷರಗಳಿಗೂ ಒಂದೇ ಅಳತೆಯ ಚೌಕ. ಒತ್ತಕ್ಷರ ಬಂದರೆ ಅದರೊಳಗೆ ಹಿಡಿಸದೆ ಕತ್ತರಿಸಿಹೋಗುತ್ತಿತ್ತು, ಇಲ್ಲವೇ ಒಂದರ ಮೇಲೊಂದು ಬೀಳುತ್ತಿತ್ತು. ನಾನು ಅಲ್ಲಲ್ಲಿ ತೇಪೆ ಹಾಕುತ್ತ ಹೋದೆ. ಒಂದು ಸರಿಹೋದರೆ ಇನ್ನೊಂದು ಕೆಡುತ್ತಿತ್ತು. ಹೊಸದಾಗಿ ಬರೆಯೆಂದು ಬುದ್ಧಿ ಹೇಳುತ್ತಿತ್ತು. ಆದರೆ ಮೇಡಂ ಅಲ್ಲಿ ಹಾಸಿಗೆ ಹಿಡಿದಿರುವಾಗ ಇಲ್ಲಿ ಅವರ ಅಕ್ಷರಗಳನ್ನು ಅಳಿಸುವುದೆಂದರೆ? ಬೆರಳು ಏಳಲಿಲ್ಲ.

ಒಂದು ದಿನ ಡಾಕ್ಟರ ಫೋನು ಬಂತು. ಅರ್ಧ ಗುಳಿಗೆ ನುಂಗಬೇಕಿದ್ದ ಐಹೊಳೆಯ ಮುದುಕರೊಬ್ಬರು ಇಡೀ ಗುಳಿಗೆ ನುಂಗಿ, ಬಸ್‌ಸ್ಟ್ಯಾಂಡಿನಲ್ಲಿ ತಲೆ ತಿರುಗಿ ಬಿದ್ದಿದ್ದರು. ಚೀಟಿಯಲ್ಲಿ ‘ಅರ್ಧ’ ಎಂಬುದು ಬರೀ ಮಸಿಯ ಮುದ್ದೆಯಾಗಿತ್ತು. ಪುಣ್ಯಕ್ಕೆ ಬದುಕಿಕೊಂಡರು.

“ಅವರ ಹೆಂಡ್ತಿ ಚೀಟಿ ಹಿಡಕೊಂಡು ಬಂದು, ನಾನೂ ಸಾಲಿ ಕಲತಾಕಿ ಅದೇನ್ರಿ, ಅರ್ಧ ಅಂತ ಎಲ್ಲಿ ಐತಿ ತೋರಸ್ರಿ ಅಂದ್ರು. ನಾ ಏನ್ ತೋರಸ್ಲಿ?” ಎಂದರು ಡಾಕ್ಟರು. “ಇನ್ನ ಮುಂದ ಕೈಲೇ ಬರ್ದು ಕೊಡ್ತೇನಿ.”

ಮರುದಿನ ಇಳಕಲ್ಲಿನ ಬಸ್ಸು ಹತ್ತಿದೆ. ಮೇಡಂ ಹೊರಸಿನ ಮೇಲೆ ದಿಂಬಿಗೊರಗಿ ಕೂತಿದ್ದರು. ಒಳಗೆ ಅವರ ಅಣ್ಣನ ಮಗ್ಗದ ಸದ್ದು. ನಡೆದದ್ದನ್ನು ಹೇಳಿದೆ.

“ಇನ್ನೂ ಅದಕ್ಕ ತ್ಯಾಪಿ ಹಚ್ಚಾಕತ್ತೀರೇನ್ರಿ ಸರ?”

“ನಿಮ್ಮ ಕೆಲಸ ಮೇಡಂ. ಹ್ಯಾಂಗ ತಗೀಲ್ರಿ?”

ಅವರು ದಿಂಬು ಬಿಟ್ಟು ನೆಟ್ಟಗೆ ಕೂತರು. ಉಸಿರು ಕೂಡಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಬಂದಿದ್ದು ಸಿಟ್ಟು.

“ನಾ ಸಾಯ್ತೇನಂತ ನೀವು ಅದನ್ನ ಗೋರಿ ಮಾಡಿ ಇಟ್ಟೀರಿ. ಅದು ಔಷಧದ ಚೀಟೀರಿ! ಚೌಕ ನಾನ ತಪ್ಪು ಹಾಕೇನಿ. ಬುನಾದಿನ ತಪ್ಪಿದ್ರ ಗೋಡಿಗೆ ಗಿಲಾವ್ ಮಾಡಿ ಏನ್ ಉಪಯೋಗ? ಪೂರಾ ತಗದು ಹೊಸಾದ್ ಬರೀರಿ.” ಆಮೇಲೆ ದನಿ ಇಳಿಸಿದರು. “ಕರಿಯೋ ಹೆಸರು ಅಷ್ಟ ಬದಲ ಮಾಡಬ್ಯಾಡ್ರಿ. ಡಾಕ್ಟರ ಪ್ರೋಗ್ರಾಮು ಅದ ಹೆಸರಿಂದ ಕರೀತೈತಿ. ಒಳಗಿಂದು ಬದಲಾಗೇತಿ ಅಂತ ಅದಕ್ಕ ಗೊತ್ತೂ ಆಗಬಾರ್ದು.”

ಬರೆದೆ. ಅಕ್ಷರಕ್ಕೆ ತಕ್ಕಷ್ಟು ಅಗಲ, ಒತ್ತಿಗೆ ಬೇರೆ ಜಾಗ, ಹೆಸರುಗಳು ಮಾತ್ರ ಹಳೆಯವೇ. ಮೇಡಂ ಬರೆದದ್ದನ್ನು ಅಳಿಸಿದ ದಿನ ಊಟ ಸೇರಲಿಲ್ಲ.

ಅಚ್ಚಾದ ಮೊದಲ ಹಾಳೆಯನ್ನು ಇಳಕಲ್ಲಿಗೆ ಒಯ್ದು ಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಅರ್ಧ’, ‘ರಾತ್ರಿ’, ‘ರಕ್ತಪರೀಕ್ಷೆ’ ಎಂದು ಬೆರಳಿಟ್ಟು ಓದಿದರು. ನಾನು ಶಹಭಾಸ್‌ಗಿರಿಗೆ ಕಾದು ಕೂತಿದ್ದೆ.

“ಕ್ಷ ಭಾಳ ದಪ್ಪ ಆಗೇತ್ರಿ,” ಎಂದರು. ಬಳಿಕ ಒಳಗಿದ್ದ ಅಣ್ಣನನ್ನು ಕೂಗಿದರು. “ನೋಡ್ ಬಾ ಭಾಯಿ, ನನ್ನವು ಒಂದೂ ಉಳದಿಲ್ಲ.”

ಆ ದನಿಯಲ್ಲಿ ಇದ್ದದ್ದು ಸಂಕಟವೋ ಸಮಾಧಾನವೋ ನನಗೆ ಇಂದಿಗೂ ತಿಳಿದಿಲ್ಲ. ಡಾಕ್ಟರು ಮತ್ತೆ ಅಚ್ಚಿನ ಚೀಟಿ ಕೊಡತೊಡಗಿದರು. ಆ ಬೇಸಿಗೆ ಮುಗಿಯುವ ಮೊದಲೇ ಮೇಡಂ ತೀರಿಕೊಂಡರು.

ಕೆಲವು ವರ್ಷಗಳ ಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಾನು ಬರೆದದ್ದನ್ನೂ ಪೂರ್ತಿ ತೆಗೆದು ಹೊಸದು ಬರೆದ. ಇಷ್ಟೆಲ್ಲ ಕಂಡ ನಾನೇ ಆಗ ಮುಖ ಊದಿಸಿಕೊಂಡು ಅವನೊಂದಿಗೆ ಮಾತು ಬಿಟ್ಟೆ! ಮೊನ್ನೆ ಅಂಗಡಿಯಿಂದ ಮನೆಗೆ ಬಂದವನೇ ಅವನ ನಂಬರು ಹುಡುಕಿ ಫೋನು ಹಚ್ಚಿದೆ.

“ಸರ, ಎಷ್ಟ್ ವರ್ಷ ಆತ್ರಿ! ಏನ್ ವಿಷಯರಿ?” ಅವನಿಗೆ ಗಾಬರಿ.

“ಏನಿಲ್ಲಪಾ,” ಎಂದೆ. “ಚಲೋ ಮಾಡಿದಿ ಅಂತ ಹೇಳೂದು ಉಳದಿತ್ತು.”