ಅಜ್ಜಿ ಹಿಮಗಾಡಿ ಹತ್ತಿದ್ದು

ಆಗೆಲ್ಲ ನಮಗೆ ಚಳಿಗಾಲದ ರಜೆ ಎಂದರೆ ಜರ್ಮನಿಯಲ್ಲಿ ನಾವಿದ್ದ ಎರ್ಲಾಂಗೆನ್‌ನಲ್ಲಿ ರೈಲು ಹತ್ತಿ ಆಲ್ಪ್ಸ್ ಬೆಟ್ಟದ ಆ ಪುಟ್ಟ ಹಳ್ಳಿಗೆ ಹೋಗುವುದು. ಒದ್ದೆ ಉಣ್ಣೆಯ ವಾಸನೆ, ಬೀದಿಯಲ್ಲಿ ಸಕ್ಕರೆ ಹಾಕಿ ಹುರಿದ ಬಾದಾಮಿಯ ಘಮ, ಅಮ್ಮ ಡಬ್ಬಿಗೆ ತುಂಬಿದ ಪುಳಿಯೋಗರೆ. ಇನ್ನೇನು ಬೇಕು ಹೇಳಿ!

ನನಗೆ ಎಂಟು ವರ್ಷವಾಗಿದ್ದಾಗ ಮೈಸೂರಿನಿಂದ ಅಜ್ಜಿಯೂ ಬಂದಿದ್ದಳು. ಹಳ್ಳಿಯಲ್ಲಿ ಹಿಮಗಾಡಿ ಪಂದ್ಯವಿತ್ತು. ಚಕ್ರವಿಲ್ಲದ ಮರದ ಗಾಡಿಯಲ್ಲಿ ಕೂತು ಹಿಮದ ಇಳಿಜಾರಿನಲ್ಲಿ ಜಾರುವುದು. ಗಾಡಿಗೆ ಒಂದು ಮಗು, ಜೊತೆಗೆ ಒಬ್ಬರು ದೊಡ್ಡವರು. ನಡುವೆ ಇಳಿದರೆ, ಬಿದ್ದರೆ ಆಟದಿಂದ ಹೊರಗೆ. ಅಪ್ಪನಿಗೆ ಕಾಲು ಉಳುಕಿತ್ತು. ಅಮ್ಮನಿಗೆ ಇಳಿಜಾರು ಕಂಡರೇ ತಲೆಸುತ್ತು.

"ನಾನು ಬರ್ತೀನಿ ಕಣೇ," ಎಂದಳು ಅಜ್ಜಿ.

ನಾವು ಉಳಿದುಕೊಂಡಿದ್ದ ಮನೆಯ ಹುಡುಗಿ ಲೇನಾ ಕಿಸಕ್ಕನೆ ನಕ್ಕಳು. "ನಿನ್ನ ಅಜ್ಜಿ ಅರ್ಧದಲ್ಲೇ ಇಳೀತಾರೆ, ನೋಡ್ತಿರು!" ನನಗೆ ಮೈಯೆಲ್ಲ ಉರಿದುಹೋಯಿತು. ಗೆಲ್ಲದಿದ್ದರೂ ಸರಿ, ಕೊನೆಯವರೆಗೆ ಗಾಡಿಯಲ್ಲೇ ಹೋಗಬೇಕು ಎಂದು ಹಟ ಹಿಡಿದೆ.

ಹೊಸ ಗಾಡಿಯನ್ನು ಪೂಜೆಯಿಲ್ಲದೆ ಹತ್ತುವುದುಂಟೇ? ಹಿಂದಿನ ಸಂಜೆಯೇ ಅಜ್ಜಿ ಬಾಲ್ಕನಿಯಲ್ಲಿ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಎರಡು ನಿಂಬೆಹಣ್ಣನ್ನೂ ಅಲ್ಲೇ ಇಟ್ಟಿದ್ದಳು. ಬೆಳಿಗ್ಗೆ ಪಂದ್ಯದ ಗೆರೆಯಲ್ಲಿ ಅವನ್ನು ಗಾಡಿಯಡಿ ಸಿಕ್ಕಿಸಿ, ಕೈಮುಗಿದು ಕೂತಳು. ಸೀಟಿ ಊದಿದರು. ಎಲ್ಲರೂ ಜರ್ರನೆ ಹೊರಟರು, ನಾವು ಮಾತ್ರ ನಿಂತಲ್ಲೇ! ರಾತ್ರಿಯ ಚಳಿಗೆ ನಿಂಬೆಹಣ್ಣು ಕಲ್ಲಾಗಿತ್ತು. ಅಪ್ಪಚ್ಚಿಯಾಗುವ ಲಕ್ಷಣವೇ ಇರಲಿಲ್ಲ.

"ಅಮ್ಮಾ, ಒಂದ್ನಿಮಿಷ ಇಳಿ, ತೆಗೆದುಬಿಡ್ತೀನಿ," ಎಂದರು ಅಪ್ಪ.

"ಇಳಿಯೋದಾ? ಮಗು ಮರ್ಯಾದೆ ಏನಾಗ್ಬೇಕು? ತಳ್ಳೋ ಸುಮ್ನೆ!"

ಅಪ್ಪ ಕುಂಟುತ್ತಲೇ ಬಂದು ನೂಕಿದರು. ಗಾಡಿ ನಿಂಬೆಹಣ್ಣಿನ ಮೇಲೆ ಎಗರಿ ಹೊರಟೇಬಿಟ್ಟಿತು. ಅಜ್ಜಿ ನನ್ನ ಸೊಂಟ ಬಿಗಿಯಾಗಿ ಹಿಡಿದು, "ಗೋವಿಂದಾ! ಜರುಗ್ರೋ, ಜರುಗ್ರೋ!" ಎಂದು ದಾರಿಯುದ್ದಕ್ಕೂ ಕೂಗಿದಳು. ತಿರುವಿನಲ್ಲಿ ಲೇನಾ ಮತ್ತು ಅವಳಪ್ಪ ಮಗುಚಿ ಬಿದ್ದಿದ್ದರು. ಅವರನ್ನು ದಾಟಿ ನಾವು ಕೆಳಗೆ ಮುಟ್ಟಿದೆವು. ಎಲ್ಲರಿಗಿಂತ ಕೊನೆಗೆ, ಆದರೆ ಗಾಡಿಯಲ್ಲೇ ಕೂತು! ಅಂಥ ಹೆಮ್ಮೆಯನ್ನು ಆಮೇಲೆ ಯಾವ ಪದವಿಯೂ ನನಗೆ ಕೊಟ್ಟಿಲ್ಲ. ಲೇನಾ ಮೈಮೇಲಿನ ಹಿಮ ಕೊಡವುತ್ತ ಬಂದು, ಮುಂದಿನ ಸಲ ತನಗೂ ಒಂದು ನಿಂಬೆಹಣ್ಣು ಬೇಕು ಎಂದಳು.

ಕಳೆದ ಚಳಿಗಾಲ ಮಗಳನ್ನು ಕರೆದುಕೊಂಡು ಆ ಹಳ್ಳಿಗೆ ಹೋಗಿದ್ದೆ. ಇಳಿಜಾರಿನ ತುಂಬ ಬರೀ ಹುಲ್ಲು, ನಡುವೆ ಯಂತ್ರದಿಂದ ಹೊಯ್ದ ಹಿಮದ ಒಂದು ಪಟ್ಟಿ. ಪಂದ್ಯ ನಿಂತು ವರ್ಷಗಳೇ ಆದವಂತೆ.

"ನೀನು ಯಾರ ಜೊತೆ ಕೂತಿದ್ದೆ?" ಎಂದು ಮಗಳು ಜರ್ಮನ್‌ನಲ್ಲಿ ಕೇಳಿದಳು. ನಮ್ಮಜ್ಜಿಯ ಜೊತೆ ಎಂದೆ. ಹಿಮ ಬೀಳದಿದ್ದರೆ ಯಂತ್ರವನ್ನಾದರೂ ತಂದಿಟ್ಟುಕೊಂಡಿದ್ದಾರೆ. ನಾನು ಅಜ್ಜಿಯನ್ನು ಎಲ್ಲಿಂದ ತರಲಿ?