ಮುದಿ ಕಂಪ್ಯೂಟರಿಗೆ ಆಯುಧಪೂಜೆಯ ರಜೆ

ಗೆಳೆಯರೇ, ಜಯನಗರದ ನಮ್ಮ ಸಂಘದ ಕೋಣೆಯಲ್ಲಿರುವ ಮುದಿ ಕಂಪ್ಯೂಟರಿಗೆ ಯಾವ ಹೊಸ ತಂತ್ರಾಂಶವೂ ಸಿದ್ಧರೂಪದಲ್ಲಿ ಒಗ್ಗುವುದಿಲ್ಲ. ಹಾಗಾಗಿ ಕನ್ನಡ ಅಚ್ಚಿನ ತಂತ್ರಾಂಶವನ್ನು ಅದರಲ್ಲೇ ಮೂರು ದಿನದಿಂದ ಕಂಪೈಲ್ ಮಾಡುತ್ತಿದ್ದೆ, ಅಂದರೆ ಮೂಲ ಕೋಡಿನಿಂದ ಕಟ್ಟಿಸುತ್ತಿದ್ದೆ; ನಡುವೆ ಯಂತ್ರ ಆರಿಸುವಂತಿಲ್ಲ. ಗಾರ್ಮೆಂಟ್ಸ್ ಹೆಂಗಸರ ಕನ್ನಡ ಅರ್ಜಿ ನಾಳೆ ಅಚ್ಚಾಗಬೇಕು. ಇವತ್ತು ಹೋದರೆ ಯಂತ್ರ ಆಫ್, ಹಣೆಗೆ ಕುಂಕುಮ. ಮೂರು ದಿನದ ದುಡಿಮೆ ಮಣ್ಣುಪಾಲು.

"ಆಯುಧಪೂಜೆ ಅಲ್ವಾ ಸಾರ್, ನಾನೇ ಆರಿಸ್ದೆ," ಎಂದರು ಕಟ್ಟಡದ ಮಾಲೀಕರು. "ಮೂರು ದಿನದಿಂದ ಗುರ್ ಅಂತಿದೆ, ಪಾಪ. ಅದಕ್ಕೂ ರೆಸ್ಟ್ ಬೇಡ್ವಾ?"

"ಮತ್ತೆ ಮೊದಲಿಂದ ಶುರು ಮಾಡ್ಬೇಕು ಕಣ್ರೀ. ಅರ್ಜಿ ಹೋಯ್ತು."

"ನಾಳೆ ಮಾಡಿ. ಇವತ್ತು ಮುಟ್ಟಂಗಿಲ್ಲ."

ಅವರ ಮನೆಗೆಲಸದ ಲಕ್ಷ್ಮಮ್ಮ ಬೆಳಿಗ್ಗೆ ಐದರಿಂದ ಮೆಟ್ಟಿಲು ತೊಳೆಯುತ್ತಿದ್ದರು. "ಇವರಿಗೆ ರೆಸ್ಟ್ ಬೇಡ್ವಾ?" ಎಂದೆ.

"ಹಬ್ಬದ ದಿನ ಇವ್ಳು ರಜ ಹಾಕಿದ್ರೆ ಕೆಲಸ ಯಾರು ಮಾಡೋದು?"

ಲಕ್ಷ್ಮಮ್ಮ ತಲೆಯೆತ್ತದೆ ಅಂದರು: "ನಂಗೆಲ್ಲೈತೆ ಸಾರ್, ಆರಿಸೋಕೆ ಸ್ವಿಚ್ಚು."