ಅರ್ಧಪದದವನ ಏಳು ನಿಮಿಷ

ಆ ಬೀದಿಯಲ್ಲಿ 'ಅರ್ಧಪದ' ಎಂದರೆ ಯಾರು ಬೇಕಾದರೂ ಅವನ ಮನೆ ತೋರಿಸುತ್ತಿದ್ದರು. ಹೆಂಡತಿ ದರ್ಜಿ. ಅವನು ಗುಂಡಿ ಹಾಕಿ, ಇಸ್ತ್ರಿ ಮಾಡಿ, ಉಳಿದ ಹೊತ್ತಿನಲ್ಲಿ ಪಿಟೀಲು ನುಡಿಸುವವನು. ಉಳಿದ ಹೊತ್ತೆಂದರೆ ಅವಳು ಹೊಲಿಗೆ ಯಂತ್ರ ತುಳಿಯುವ ಹೊತ್ತು, ಆ ಟಕಟಕವೇ ಅವನಿಗೆ ತಾಳ. ತೀರಿಹೋದ ಅಮ್ಮ ನೀರು ಸೇದುತ್ತಾ ಹೇಳುತ್ತಿದ್ದ ಎಂಟು ನುಡಿಯ ಒಂದು ಪದವೇ ಅವನ ಆಸ್ತಿ. ನಿಧಾನವಾಗಿ ನುಡಿಸುತ್ತಾ ನಾಲ್ಕನೆಯ ನುಡಿ ಮುಗಿಸುವಷ್ಟರಲ್ಲಿ ಬಾಬಿನ್ನಿನ ದಾರ ಖಾಲಿಯಾಗುತ್ತಿತ್ತು. ಯಂತ್ರ ನಿಂತರೆ ಇವನ ಕಮಾನೂ ನಿಲ್ಲುತ್ತಿತ್ತು. ಹೊಲಿದ ಬಟ್ಟೆಯನ್ನೆಲ್ಲ ಎತ್ತಿಕೊಂಡು ಒಳಕೋಣೆಗೆ ಇಸ್ತ್ರಿಗೆ ಹೋಗುತ್ತಿದ್ದ. ಮತ್ತೆ ಯಂತ್ರ ಶುರುವಾದರೆ ಪದವೂ ಮೊದಲಿನಿಂದ. ಇಪ್ಪತ್ತೆಂಟು ವರ್ಷದಿಂದ ಮನೆಯ ಕಟ್ಟಳೆ ಇದು.

"ಅಣ್ಣಾ, ನಿಮ್ಮ ಪದಕ್ಕೆ ತಲೆ ಇದೆ, ಕಾಲಿಲ್ವಾ?" ಎಂದು ಎದುರಿನ ಚಪ್ಪಲಿ ಹೊಲಿಯುವವನು ಒಮ್ಮೆ ಕೇಳಿಬಿಟ್ಟ. ಆ ಮಾತು ಇವನಿಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಅದಕ್ಕೇ, ಗ್ರಂಥಾಲಯದ ಮೇಡಂ ಶಾಲೆಯ ಸಭಾಂಗಣದಲ್ಲಿ ಸಣ್ಣದೊಂದು ಜಾನಪದ ಉತ್ಸವ ಏರ್ಪಡಿಸಿ ಏಳು ನಿಮಿಷ ಕೊಡುತ್ತೇನೆ ಎಂದಾಗ, ಅವನು ಎರಡು ಮಾತಿಲ್ಲದೆ ಒಪ್ಪಿಕೊಂಡ.

"ಎಂಟೂ ನುಡಿ ಬಾರಿಸಿ ಆ ಹಾಳು ಹೆಸರನ್ನ ಅಲ್ಲೇ ಹೂತು ಬರ್ತೀನಿ, ನೋಡ್ತಿರು."

"ಮೊದಲು ಮನೇಲಿ ಒಂದ್ಸಲ ಪೂರ್ತಿ ಬಾರಿಸಿ ನೋಡ್ರೀ," ಎಂದಳು ಹೆಂಡತಿ.

"ನಮ್ಮಮ್ಮನ ಪದ ಕಣೇ. ರಕ್ತದಲ್ಲೇ ಇದೆ."

"ರಕ್ತ ಬಾರಿಸಲ್ಲ, ಕೈ ಬಾರಿಸೋದು."

ಹಿತ್ತಲ ಗಿಡ ಮದ್ದಲ್ಲವಲ್ಲ, ಅವಳ ಮಾತು ಅವನ ಕಿವಿಗೆ ಬೀಳಲಿಲ್ಲ.

ಉತ್ಸವದ ದಿನ ಎಂಟು ಬೆಂಚು ಜೋಡಿಸಿದ ವೇದಿಕೆ. ಅಧ್ಯಕ್ಷರು ಕೋಟನ್ನು ಮಡಚಿ ಕುರ್ಚಿಯ ಮೇಲಿಟ್ಟು ಕೆಳಗಿಳಿದು ಮುಂದಿನ ಸಾಲಿನಲ್ಲಿ ಕೂತಿದ್ದರು. ಬೀದಿಗೆ ಬೀದಿಯೇ ಬಂದಿತ್ತು, ಚಪ್ಪಲಿಯವನಂತೂ ಬಾಗಿಲು ತೆರೆಯುವ ಮೊದಲೇ ಬಂದಿದ್ದ. ಮೂರನೆಯ ಸಾಲಿನಲ್ಲಿ ಹೆಂಡತಿ, ತೊಡೆಯ ಮೇಲೆ ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಾ ಕೂತಿದ್ದಳು.

ಅವನು ಮೈಕನ್ನು ಆಚೆ ಸರಿಸಿದ, ಈಚೆ ಸರಿಸಿದ, ಸರಿಯಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಕಮಾನು ತಂತಿಗೆ ತಾಗಿದ್ದೇ ತಡ, ಸಭೆ ಸದ್ದಡಗಿತು. ನಿಜ ಹೇಳಬೇಕು, ಚೆನ್ನಾಗಿ ನುಡಿಸಿದ. ಬಾವಿಯಿಂದ ಕೊಡ ಮೇಲೆ ಬರುವುದು ಕಣ್ಣಿಗೆ ಕಟ್ಟುವಂತೆ ನುಡಿಸಿದ. ನಾಲ್ಕನೆಯ ನುಡಿ ಮುಗಿಯಿತು.

ಮುಗಿದಿದ್ದೇ ಕೈ ಪಿಟೀಲನ್ನು ಕೆಳಗಿಟ್ಟಿತು. ಕಾಲು ತಾನಾಗಿ ಎದ್ದಿತು. ಅವನು ಸೀದಾ ಹೋಗಿ, ಅಧ್ಯಕ್ಷರ ಕೋಟನ್ನು ಎತ್ತಿ ತೋಳಿನ ಮೇಲೆ ಹಾಕಿಕೊಂಡು ಪಕ್ಕದ ಬಾಗಿಲಿನ ಕಡೆ ನಡೆದ.

"ಸ್ವಾಮೀ, ನನ್ನ ಕೋಟು!" ಎಂದು ಅಧ್ಯಕ್ಷರು ಕೂಗಿದರು.

ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನು ಕೋಟನ್ನು ಇದ್ದಲ್ಲಿಯೇ ಇಟ್ಟು, ಕಿವಿಯೆಲ್ಲ ಕೆಂಪಾಗಿ ಬಂದು ಕೂತ. ಕಮಾನು ಎತ್ತಿದ. ಐದನೆಯ ನುಡಿ ಬರಲಿಲ್ಲ. ಮತ್ತೆ ಎತ್ತಿದ. ಅಮ್ಮನ ಮುಖ ಬಂತು, ಹಗ್ಗ ಬಂತು, ಪದ ಬರಲಿಲ್ಲ. ಇಪ್ಪತ್ತೆಂಟು ವರ್ಷ ಅವನು ಆ ಕಡೆಗೆ ಕಾಲೇ ಇಟ್ಟಿರಲಿಲ್ಲ. ಚಪ್ಪಲಿಯವನು ಪಕ್ಕದವನ ಕಿವಿಯಲ್ಲಿ ಏನೋ ಹೇಳುವುದು ಕಾಣಿಸಿತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಆಗ ಮೂರನೆಯ ಸಾಲಿನಿಂದ ಐದನೆಯ ನುಡಿ ಕೇಳಿಸಿತು. ದನಿ ಸಣ್ಣದು, ಸ್ವಲ್ಪ ಒರಟು, ಆದರೆ ಒಂದು ಎಳೆಯೂ ಆಚೀಚೆ ಇಲ್ಲ. ಹೆಂಡತಿ ಹೊಲಿಗೆಯಿಂದ ತಲೆ ಎತ್ತದೆ ಹಾಡುತ್ತಿದ್ದಳು. ಅವನು ಹೊಸದಾಗಿ ಕಲಿಯುವವನಂತೆ ಹಿಂದೆ ಹಿಂದೆಯೇ ನುಡಿಸಿದ. ಆರು, ಏಳು, ಎಂಟು. ಚಪ್ಪಾಳೆ ಬಿತ್ತು, ಚಪ್ಪಲಿಯವನು ಎದ್ದು ನಿಂತೇ ತಟ್ಟಿದ.

ಮನೆಗೆ ಬರುವ ದಾರಿಯಲ್ಲಿ ಅವನಿಗೆ ತಡೆಯಲಾಗಲಿಲ್ಲ. "ಯಾವಾಗ ಕಲ್ತೆ?"

"ಅತ್ತೆ ಹೇಳಿಕೊಟ್ಟಿದ್ರು. ನೀವು ಇಸ್ತ್ರಿಗೆ ಒಳಗೆ ಹೋದ್ರೆ ನಾನು ಬಾಬಿನ್ ಸುತ್ತುತ್ತಾ ಉಳಿದಿದ್ದನ್ನ ಹೇಳ್ಕೊಳ್ತಿದ್ದೆ. ದಿನಾ."

"ದಿನಾನಾ? ನನಗೊಂದು ದಿನಾನೂ ಕೇಳಿಸ್ಲಿಲ್ವಲ್ಲೇ!"

"ಕೇಳಿಸ್ಬಾರ್ದು ಅಂತಲೇ ಮೆಲ್ಲಗೆ ಹೇಳ್ತಿದ್ದೆ. ಕೇಳಿಸಿದ್ರೆ ಅದನ್ನೂ ನೀವೇ ಬಾರಿಸ್ತಿದ್ರಿ. ನನಗೆ ಅಂತ ಏನುಳೀತಿತ್ತು?"

ಅವನಿಗೆ ನಾಚಿಕೆಯಾಯಿತು.

"ಮತ್ತೆ ಇವತ್ತು ಯಾಕೆ ಕೊಟ್ಬಿಟ್ಟೆ?"

"ಅಷ್ಟು ಜನರ ಮುಂದೆ ನಿಮ್ಮ ಆ ಮುಖ ನೋಡಕ್ಕಾಗ್ಲಿಲ್ಲ ಕಣ್ರೀ," ಎಂದಳು ಅವಳು.